ಕ್ರೈಸ್ತರಲ್ಲಿ ಬಹುಪತ್ನಿತ್ವ: ವಿಕಿಪೀಡಿಯ ಕರಡಿಗೆ ಏನು ಸೇರಿಸಲಿ?

ಬೀದರ್‌ಓದುಗ: ನನ್ನ ಕರಡಿನಲ್ಲಿ ಬೈಬಲಿನ ಹಳೆ ಒಡಂಬಡಿಕೆಯಲ್ಲಿ ಹಲವು ಹೆಂಡಿರಿದ್ದ ಅಬ್ರಹಾಮ, ಯಾಕೋಬ, ಸೊಲೊಮೋನ ಇವರೇ ಮುಕ್ಕಾಲು ಪಾಲು ತುಂಬಿಕೊಂಡಿದ್ದಾರೆ, ಆಮೇಲೆ ನೇರ ಅಮೆರಿಕದ ಮಾರ್ಮನ್ ಪಂಥದವರಿಗೆ ಜಿಗಿಯುತ್ತದೆ. ನಡುವೆ ಏನು ಹಾಕಲಿ? ಇಲ್ಲಿನ ಮೆಥೋಡಿಸ್ಟ್ ಚರ್ಚಿನ ಹಿರಿಯರನ್ನು ಕೇಳಿದರೆ "ಅದೆಲ್ಲಾ ನಮ್ಮಲ್ಲಿಲ್ಲಪ್ಪ" ಅಂತ ನಕ್ಕರು.

ಕಲಬುರಗಿಅಕ್ಕ: ಹಳೆ ಒಡಂಬಡಿಕೆ ಎರಡು ಪ್ಯಾರಾ ಸಾಕು ತಮ್ಮಾ, ಸುಮ್ನೆ ಉದ್ದ ಆಗಿದೆ. ಪ್ರಾಟೆಸ್ಟೆಂಟ್ ಸುಧಾರಕ ಲೂಥರ್ ವಿಷಯ ಬಿಡಬೇಡ. ಜರ್ಮನಿಯ ಹೆಸ್ಸೆಯ ದೊರೆ ಫಿಲಿಪ್ ಹೆಂಡತಿ ಇದ್ದಾಗಲೇ 1540ರಲ್ಲಿ ಇನ್ನೊಂದು ಮದುವೆಯಾದ, ಲೂಥರ್ ಮತ್ತು ಅವನ ಸಂಗಡಿಗ ಮೆಲಾಂಕ್ಥನ್ ಗುಟ್ಟಾಗಿ ಒಪ್ಪಿದ್ದರು, ಗುಟ್ಟು ಹೊರಬಿದ್ದು ದೊಡ್ಡ ರಂಪ ಆಯ್ತು. ಕ್ಯಾಥೊಲಿಕರು 1563ರಲ್ಲಿ ತಮ್ಮ ಬಿಷಪ್ಪರ ಟ್ರೆಂಟ್ ಸಭೆಯಲ್ಲಿ ಖಡಾಖಂಡಿತ ಬೇಡ ಅಂದರು.

ಯಾದಗಿರಿ_ಮೇಷ್ಟ್ರು: ನನ್ನ ಕೇಳಿದರೆ ಆಫ್ರಿಕಾನೇ ಮುಖ್ಯ. ಮೂವರು ಹೆಂಡಿರಿರುವವನು ಕ್ರೈಸ್ತನಾಗಲು ಬಂದರೆ ಇಬ್ಬರನ್ನು ಬೀದಿಗೆ ಹಾಕಬೇಕಾ? ಆಂಗ್ಲಿಕನ್ (ಇಂಗ್ಲೆಂಡ್ ಮೂಲದ ಚರ್ಚು) ಬಿಷಪ್ಪರ ಲ್ಯಾಂಬೆತ್ ಸಭೆ 1888ರಲ್ಲಿ ಅಂಥ ಗಂಡನಿಗೆ ದೀಕ್ಷಾಸ್ನಾನ ಬೇಡ ಅಂದಿತ್ತು. 1988ರಲ್ಲಿ ಅದೇ ಸಭೆ, ಹೆಂಡಿರು ಮಕ್ಕಳ ಸಮೇತ ಸೇರಿಸಿಕೊಳ್ಳಿ, ಯಾರನ್ನೂ ಬಿಡಿಸಬೇಡಿ, ಆದರೆ ಈ ಹೆಂಡಿರಲ್ಲಿ ಒಬ್ಬರು ಬದುಕಿದ್ದರೂ ಅವನಿಗೆ ಇನ್ನೊಂದು ಮದುವೆ ಇಲ್ಲ ಅಂತ ಹೇಳಿತು. ಇದಕ್ಕೇ ಜಾಸ್ತಿ ಜಾಗ ಕೊಡಿ.

ಬೀದರ್‌ಓದುಗ: ಸರಿ ಸರ್. ಮಾರ್ಮನರು?

ಕಲಬುರಗಿಅಕ್ಕ: "ಈಗಲೂ ಮಾಡುತ್ತಾರೆ" ಅಂತ ಬರೆದಿದ್ದೀಯಲ್ಲ, ಅದನ್ನು ತೆಗಿ. ಅವರ ಮುಖ್ಯ ಚರ್ಚು 1890ರಲ್ಲೇ ನಿಲ್ಲಿಸುವ ಘೋಷಣೆ ಮಾಡಿತು. ಈಗ ಇರೋದು ಒಡೆದುಹೋದ ಸಣ್ಣ ಗುಂಪುಗಳಲ್ಲಿ.