ಸಹಾಯ ಬೇಕು: 16ರ ಮಗನಿಗೆ ನಮ್ಮೆದುರೇ ಬಿಯರ್?

ನಾವು ಧಾರವಾಡದವರು, ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಹೋದ ವಾರ ಊಟಕ್ಕೆ ಬಂದ ನನ್ನ ಅಣ್ಣ 16ರ ಮಗನ ಮುಂದೆ ಸ್ಟೀಲ್ ಲೋಟದಲ್ಲಿ ಎರಡು ಬೆರಳು ಬಿಯರ್ ಇಟ್ಟ. "ಹೊರಗ ಕದ್ದು ಕುಡಿಯೋದಕ್ಕಿಂತ ನಮ್ಮೆದುರಿಗೇ ಕುಡೀಲಿ ಬಿಡ ತಂಗಿ" ಅಂದ. ಮಗ ನನ್ನ ಮುಖ ನೋಡಿದ. ನಾನು ಲೋಟ ಎತ್ತಿ ಸಿಂಕಿಗೆ ಸುರಿದೆ. ಅಣ್ಣನ ಮಾತು ಬಂದ್ ಆಗಿದೆ.

ಮಹಾರಾಷ್ಟ್ರದಲ್ಲಿ ಬಿಯರ್‌ಗೆ 21, ವಿಸ್ಕಿ, ರಮ್ಮಿಗೆ 25 ವರ್ಷ ಆಗಿರಬೇಕು. 18ರೊಳಗಿನವರಿಗೆ ಮದ್ಯ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು. ಅಣ್ಣನಿಗೆ ಇದೆಲ್ಲ ಹೇಳಿದರೆ ನಗುತ್ತಾನೆ. (ಅವನೇ ಜಾಸ್ತಿ ಕುಡಿಯುತ್ತಾನೆ, ಅದು ಬೇರೆ ಮಾತು.)

ಆದರೆ ಮಗ ಈಗ ನನ್ನ ಹತ್ತಿರ ಏನೂ ಹೇಳುತ್ತಿಲ್ಲ. ಈ ವಯಸ್ಸಿನ ಮಕ್ಕಳಿರುವವರು ಹೇಳಿ, ಬೈಯದೆ ಈ ಮಾತು ಹೇಗೆ ತೆಗೆದಿರಿ? ಪುಣೆಯಲ್ಲಿ ಕನ್ನಡ ಬಲ್ಲ ಕೌನ್ಸೆಲರ್ ಯಾರಾದರೂ ಗೊತ್ತಾ?