ದೊಡ್ಡಪ್ಪನದು ಭಕ್ತಿನಾ, ಶೋಕಿನಾ?

ಹಾಸನದ ಹುಡುಗಿ:
ನಮ್ಮ ದೊಡ್ಡಪ್ಪ ಮಹಾ ದೈವಭಕ್ತರು ಅಂತ ಹಾಸನದಲ್ಲಿ ಹೆಸರು. ಹಾಸನಾಂಬೆ ಬಾಗಿಲು ತೆರೆದರೆ ಧರ್ಮದರ್ಶನದ ಸಾಲು ಬಿಡಿ, ದುಡ್ಡು ಕೊಟ್ಟು ಟಿಕೆಟ್ ಸಾಲಿಗೂ ನಿಲ್ಲುವುದಿಲ್ಲ, ಯಾರದೋ ಕೈಕಾಲು ಹಿಡಿದು ಪಾಸ್ ತರಿಸಿ ಒಳಗೆ ಹೋಗಿ ಬಂದು 'ತಾಯಿ ಕರೆಸಿಕೊಂಡಳು' ಅಂತ ಸ್ಟೇಟಸ್ ಹಾಕುತ್ತಾರೆ. ಮೊನ್ನೆ ಅನ್ನದಾನ ಮಾಡಿಸಿದರು. ಸಾರಿನ ಸೌಟು ಎತ್ತಿ ಎಲೆ ಮೇಲೆ ಹಾಗೇ ಹಿಡಿದು ನಿಂತರು, ಫೋಟೋ ಸರಿ ಬರಲಿಲ್ಲ ಅಂತ ಇನ್ನೊಂದು ಸಲ. ಎಲೆ ಮುಂದೆ ಕೂತ ಮುದುಕರು ಬರೀ ಅನ್ನ ನೋಡುತ್ತಾ ಕಾಯುತ್ತಿದ್ದರು. ಅದೇ ವಾರ ಅಜ್ಜಿಯ (ಅವರ ಹೆತ್ತ ತಾಯಿ!) ಕಣ್ಣಿನ ಆಪರೇಷನ್‌ಗೆ 'ಈಗ ಕೈ ಬಿಗಿ' ಅಂದರು. ಯಾಕೆ ಅಂತ ಕೇಳಿದ್ದಕ್ಕೆ ನನ್ನನ್ನೇ ನಾಸ್ತಿಕಳು ಅಂದರು, ಫ್ಯಾಮಿಲಿ ಗ್ರೂಪಿನಿಂದಲೂ ತೆಗೆದರು. ನಾರ್ಸಿಸಿಸಂ (ತನ್ನ ಮೇಲೆ ತನಗೇ ಅತಿಯಾದ ಮೋಹ) ಅಂದರೆ ಇದೇನಾ, ಇಲ್ಲಾ ನನಗೇ ಹೊಟ್ಟೆಕಿಚ್ಚಾ?

ತೋಟದ ಮನೆ, ಚಿಕ್ಕಮಗಳೂರು:
ಹೊಟ್ಟೆಕಿಚ್ಚಲ್ಲ ಬಿಡಿ. ದೀಪಾವಳಿಗೆ ದೇವಿರಮ್ಮನ ಬೆಟ್ಟಕ್ಕೆ ಹರಕೆ ಇದ್ದವರು ಕಟ್ಟಿಗೆ ಹೊತ್ತು ಹತ್ತುತ್ತಾರೆ. ಒಬ್ಬರು ಸಾಹುಕಾರರು ಬುಡದಲ್ಲಿ ಕಟ್ಟಿಗೆ ಹೊತ್ತು ಫೋಟೋ ತೆಗೆಸಿಕೊಂಡು, ಆಮೇಲೆ ಆಳಿನ ಹೆಗಲಿಗೆ ದಾಟಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ತುದಿಯಲ್ಲಿ ಮತ್ತೆ ಇಸ್ಕೊಂಡರು!

ಓದುಗಿತ್ತಿ:
ನಾನು ಮನಃಶಾಸ್ತ್ರ ಓದಿದವಳು. ನಾರ್ಸಿಸಿಸಂ ಅನ್ನು ಕಾಯಿಲೆ ಅನ್ನಬೇಕಾದರೆ ಡಾಕ್ಟರುಗಳು ಬಳಸುವ ಡಿಎಸ್‌ಎಂ-5 ಅನ್ನುವ ಮಾನಸಿಕ ಕಾಯಿಲೆಗಳ ಕೈಪಿಡಿ ಪ್ರಕಾರ 9 ಲಕ್ಷಣದಲ್ಲಿ ಕನಿಷ್ಠ 5 ಇರಬೇಕು. ಹೊಗಳಿಕೆಯ ಹಸಿವು, ನನಗೆ ಮಾತ್ರ ಬೇರೆ ಮರ್ಯಾದೆ ಸಿಗಬೇಕು ಅನ್ನುವುದು, ಇನ್ನೊಬ್ಬರ ಕಷ್ಟ ತಟ್ಟದಿರುವುದು, ಹೀಗೆ. ಸ್ಟೇಟಸ್ ನೋಡಿ ಅದನ್ನು ಹೇಳಲಾಗುವುದಿಲ್ಲ. ಬೂಟಾಟಿಕೆ ಗುರುತಿಸಲು ಡಾಕ್ಟರ್ ಬೇಡ ಅನ್ನಿ. ನೀವು ಕೇಳಿದ್ದು ದುಡ್ಡಿನ ವಿಷಯ, ಅವರು ದೇವರನ್ನು ಅಡ್ಡ ತಂದರು. ನನಗೆ ಸೌಟಿಗಿಂತ ಅದೇ ಜಾಸ್ತಿ ಕಂಡಿತು.

ಸುಮ್ನೆ ಒಬ್ಬ:
ಫೋಟೋ ಹಾಕಿದವರೆಲ್ಲ ಕೆಟ್ಟವರಲ್ಲ ಮಾರಾಯ್ರೇ. ನಮ್ಮತ್ತೆ ದಿನಾ ಪೂಜೆ ಫೋಟೋ ಹಾಕಿ ತಲೆ ತಿನ್ನುತ್ತಾರೆ. ಆದರೆ ಹಾಸಿಗೆ ಹಿಡಿದ ಮಾವನ ಮೈ ಒರೆಸಿ ಎರಡು ವರ್ಷ ನೋಡಿಕೊಂಡವರೂ ಅವರೇ, ಅದರ ಫೋಟೋ ಒಂದೂ ಇಲ್ಲ. ಅದಿರಲಿ, ಅಜ್ಜಿ ಆಪರೇಷನ್ ಆಯ್ತಾ?

ಹಾಸನದ ಹುಡುಗಿ:
ಆಯ್ತು. ಅಪ್ಪ, ಅತ್ತೆ ಸೇರಿ ದುಡ್ಡು ಹೊಂದಿಸಿದರು. ದೊಡ್ಡಪ್ಪ ಹಣ್ಣಿನ ಬುಟ್ಟಿ ತಂದರು, ಅಜ್ಜಿ ಪಕ್ಕ ಕೂತು ಫೋಟೋ, 'ಹೆತ್ತವಳೇ ದೇವರು'. ಅಜ್ಜಿ ಕಣ್ಣಿಗೆ ಪಟ್ಟಿ ಇತ್ತು. 'ಯಾರೇ ಬಂದಿದ್ದು?' ಅಂತ ಕೇಳಿದರು. ಅಷ್ಟರಲ್ಲಿ ಅವರ ಕಾರು ಹೊರಟಾಗಿತ್ತು.