ಬ್ಯಾಡ್ ನಾರ್ತ್ ಗೇಮ್‌ನಲ್ಲಿ ಐದನೇ ದ್ವೀಪ ದಾಟುವುದು ಹೇಗೆ ಮಾರಾಯ್ರೆ?

ಕೇಳಿದ್ದು, ಮಣಿಪಾಲದಿಂದ:
ಕಾಲೇಜಿನ ಕಾಲದಲ್ಲಿ ಹಂಪನಕಟ್ಟೆಯ ಸೈಬರ್ ಕೆಫೆಯಲ್ಲಿ, ಮರ ಕಡಿದು ಹೊಲ ಮಾಡಿ ಸೈನ್ಯ ಕಟ್ಟುವ ಏಜ್ ಆಫ್ ಎಂಪೈರ್ಸ್ ಗೇಮ್ ಆಡಿದವನು ನಾನು. ಈಗ ಮಗು ಮಲಗಿದ ಮೇಲೆ ಅರ್ಧ ಗಂಟೆ ಸಿಕ್ಕಿದರೆ ಅದೇ ದೊಡ್ಡದು. ಅಷ್ಟರಲ್ಲಿ ಮುಗಿಯುವ ಗೇಮ್ ಬೇಕು ಅಂತ ಬ್ಯಾಡ್ ನಾರ್ತ್ ತಗೊಂಡೆ. ಮರ ಕಡಿಯಲಿಕ್ಕಿಲ್ಲ, ಹೊಲ ಮಾಡಲಿಕ್ಕಿಲ್ಲ, ಒಂದು ಪುಟ್ಟ ದ್ವೀಪ, ನಾಲ್ಕಾರು ಮನೆ, ಆ ಮನೆ ಸುಡಲಿಕ್ಕೆ ಮಂಜಿನಿಂದ ಬರುವ ವೈಕಿಂಗ್ ಕಡಲುಗಳ್ಳರ ದೋಣಿಗಳು. ನೋಡಲಿಕ್ಕೆ ಭಾರೀ ಚಂದ ಉಂಟು. ಆದರೆ ನಾಲ್ಕೈದು ದ್ವೀಪ ಆಗುವಷ್ಟರಲ್ಲಿ ನನ್ನ ಪಡೆಗಳ ಕಮಾಂಡರ್‌ಗಳೆಲ್ಲ ಸತ್ತು ಮತ್ತೆ ಮೊದಲಿಂದ ಶುರು. ನನ್ನ ಕೈ ನಿಧಾನ ಆಯಿತಾ ಎಂತ?

ಸುರತ್ಕಲ್‌ನಿಂದ:
ಕೈಯದ್ದಲ್ಲ, ಹಳೇ ಅಭ್ಯಾಸದ್ದು. ಯಾವುದಾದರೂ ಪಡೆಯನ್ನು ಆರಿಸಿದ ಕೂಡಲೇ ಆಟದ ಸಮಯವೇ ನಿಧಾನ ಆಗುತ್ತದೆ, ನೋಡಿಲ್ವಾ? ವೇಗ ಇಲ್ಲಿ ಲೆಕ್ಕಕ್ಕಿಲ್ಲ. ಏಜ್ ಆಫ್ ಎಂಪೈರ್ಸ್‌ನಲ್ಲಿ ಹತ್ತು ಜನ ಸತ್ತರೆ ಇನ್ನು ಹತ್ತು ಜನರನ್ನು ತಯಾರು ಮಾಡಿದರಾಯಿತು. ಇಲ್ಲಿ ಒಂದು ಗುಂಪು ಪೂರ್ತಿ ಅಳಿದರೆ ಆ ಕಮಾಂಡರ್ ಹೋದ, ಉಳಿಸಿದ ಮನೆಗಳಿಂದ ಸಿಕ್ಕಿ ಅವನ ಮೇಲೆ ಸುರಿದ ನಾಣ್ಯವೂ ಹೋಯಿತು.

ನಾನೂ ತಿಂಗಳುಗಟ್ಟಲೆ ಇದೇ ತಪ್ಪು ಮಾಡಿದವನೇ. ಎಲ್ಲ ಮನೆ ಉಳಿಸಬೇಕು ಅಂತ ಹಠ. ಒಂದು ಸಲ ದ್ವೀಪದ ಆ ಕಡೆ ಒಂದೇ ಒಂದು ಸಣ್ಣ ಮನೆಗೆ ಬೆಂಕಿ ಬೀಳುತ್ತಿದೆ ಅಂತ ನನ್ನ ಅತಿ ಒಳ್ಳೆಯ ಈಟಿಯವರನ್ನು ಅಲ್ಲಿಗೆ ಓಡಿಸಿದೆ, ಈಟಿಯವರು ನಡೆಯುವಾಗ ಹೊಡೆಯುವುದಿಲ್ಲ ಅನ್ನುವುದು ಗೊತ್ತಿದ್ದೂ, ದಾರಿಯಲ್ಲೇ ವೈಕಿಂಗರು ಸಿಕ್ಕಿ ಒಬ್ಬನೂ ಉಳಿಯಲಿಲ್ಲ. ಆ ಮನೆ ಉಳಿದಿದ್ದರೆ ಸಿಗುತ್ತಿದ್ದದ್ದು ಎರಡೋ ಮೂರೋ ನಾಣ್ಯ!

ಹಾಗಾಗಿ ಈಟಿಯವರನ್ನು ದೋಣಿ ಬಂದು ಮುಟ್ಟುವ ಜಾಗದಲ್ಲಿ ಮೊದಲೇ ನಿಲ್ಲಿಸಿ, ಆಮೇಲೆ ಅಲ್ಲಾಡಿಸಬೇಡಿ. ದೋಣಿಯಲ್ಲಿ ಬಿಲ್ಲಿನವರು ಕಂಡರೆ ಮಾತ್ರ ಈಟಿಯವರನ್ನು ಹಿಂದೆ ಕರೆದು ಕತ್ತಿ ಗುರಾಣಿಯವರನ್ನು ಬಿಡಿ, ಗುರಾಣಿಗೆ ಬಾಣ ತಾಗಿದರೆ ಏನೂ ಆಗುವುದಿಲ್ಲ. ನಿಮ್ಮ ಬಿಲ್ಲಿನವರು ಎತ್ತರದಲ್ಲಿರಲಿ. ಆಗುವುದಿಲ್ಲ ಅನಿಸಿದರೆ ವೈಕಿಂಗರು ಬಂದ ದೋಣಿಯನ್ನೇ ಹತ್ತಿ ಓಡಿ. ಓಡುವುದಕ್ಕೆ ಗೇಮಲ್ಲೇ ಬಟನ್ ಕೊಟ್ಟಿದ್ದಾರೆ, ನಾಚಿಕೆ ಎಂತದ್ದು?

ಮಲ್ಪೆಯಿಂದ:
ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ನಮ್ಮ ಬೋಟ್ ಕಡಲಿಗೆ ಇಳಿಯುವುದಿಲ್ಲ, ಆಗಲೇ ನಾನು ಇದನ್ನು ಆಡುವುದು. ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಮನೆ ಬಿಟ್ಟುಬಿಡಿ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮನೆ ಇಲ್ಲದಿದ್ದರೆ ನಾಣ್ಯ ಇಲ್ಲ, ನಾಣ್ಯ ಇಲ್ಲದಿದ್ದರೆ ಮುಂದಿನ ದ್ವೀಪದಲ್ಲಿ ಅಪ್‌ಗ್ರೇಡ್ ಇಲ್ಲದ ಪಡೆ. ಜನ ಕಡಿಮೆಯಾದ ಪಡೆ ಮತ್ತೆ ತುಂಬಬೇಕಾದರೂ ಮನೆಯೊಳಗೇ ಹೋಗಬೇಕು. ದೊಡ್ಡ ಮನೆ ಹಿಡಿದುಕೊಳ್ಳಿ, ಸಣ್ಣದು ಹೋಗಲಿ. ಮತ್ತೆ ಸುಮ್ನೆ ಒಂದೇ ದಿಕ್ಕು ನೋಡುತ್ತಾ ಕೂರಬೇಡಿ, ದ್ವೀಪವನ್ನು ತಿರುಗಿಸುತ್ತಾ ಇರಿ. ಹಿಂದಿನಿಂದ ಬರುವ ದೋಣಿಯೇ ಜಾಸ್ತಿ ಕೊಲ್ಲುವುದು.

ಕದ್ರಿಯಿಂದ:
ಮೊದಲಿಂದ ಶುರು ಯಾಕೆ ಮಾಡುತ್ತೀರಿ? 2018ರಲ್ಲಿ ಗೇಮ್ ಬಂದಾಗ ಹಾಗಿತ್ತು, ಅದರದ್ದೇ 2019ರ ಹೊಸ ಆವೃತ್ತಿ ಯೋಟುನ್ ಎಡಿಷನ್‌ನಲ್ಲಿ ಚೆಕ್‌ಪಾಯಿಂಟ್ ದ್ವೀಪಗಳು ಬಂದವು, ಸೋತರೆ ಅಲ್ಲಿಂದ ಮುಂದುವರಿಸಬಹುದು. ಈಸಿಯಲ್ಲಿ ಆಡಿದರೂ ಯಾರೂ ಕೇಳುವುದಿಲ್ಲ.

ಇದು ಬೇಜಾರಾದರೆ ರಿಮ್‌ಡ್‌ಕ್ಯಾಪ್ಸೆಲ್ ಅಂತ 2013ರದ್ದು ಒಂದುಂಟು. ಟೆಟ್ರಿಸ್ ತುಂಡಿನ ಹಾಗಿರುವ ಕೋಣೆಗಳನ್ನು ಜೋಡಿಸಿ ಬಾಹ್ಯಾಕಾಶದಲ್ಲಿ ನೆಲೆ ಕಟ್ಟುವುದು, ಯಾವ ಕೆಲಸಕ್ಕೆ ಎಷ್ಟು ಜನ ಅಂತ ಮಾತ್ರ ಹೇಳುವುದು. ಎಲ್ಲರನ್ನೂ ಕಟ್ಟಲಿಕ್ಕೆ ಹಾಕಿದಾಗಲೇ ದಾಳಿ ಬರುತ್ತದೆ, ಅದು ಬೇರೆ ಕತೆ.

ಮಣಿಪಾಲದಿಂದ, ಮರುದಿನ:
ನಿನ್ನೆ ರಾತ್ರಿ ಏಳನೇ ದ್ವೀಪದವರೆಗೆ ಹೋದೆ. ಒಂದು ಕಡೆ ಇಬ್ಬರು ಕಮಾಂಡರ್‌ಗಳನ್ನು ದೋಣಿ ಹತ್ತಿಸಿ ಓಡಿಸಿದೆ, ಮೂರು ಮನೆ ಸುಟ್ಟುಹೋಯಿತು, ಸ್ವಲ್ಪ ಬೇಸರ ಆಯಿತು. ಎಂಟನೆಯದಕ್ಕೆ ಮಗು ಎದ್ದಿತು.